ಮರದ ನೆರಳಾ, ಗೋಡೆ ನೆರಳಾ?

"ಅದನ್ನ ಕೆಳಗಿಡಿ!"

ಗಿರಾಕಿ ಬೆಚ್ಚಿಬಿದ್ದ. ಕೈಲಿದ್ದ ಗುಲಾಬಿ ಕುಂಡ ಜಾರಿ ಇನ್ನೇನು ನೆಲ ಸೇರಬೇಕು... ಅಷ್ಟರಲ್ಲಿ ಮಣ್ಣು ಮೆತ್ತಿದ ಎರಡು ಕೈಗಳು ಬಂದು ಅದನ್ನು ಹಿಡಿದವು.

"ಬಿಸಿಲೇ ಬೀಳದ ಹಿತ್ತಲಿಗೆ ಗುಲಾಬಿನಾ? ನಮ್ಮ ಮಾವನ ಹತ್ರ ಹೇಳ್ತಿದ್ರಲ್ಲ, ಕೇಳಿಸ್ತು. ಅಲ್ಲಿವರೆಗೂ ಹೊತ್ಕೊಂಡು ಹೋಗಿ ಕೊಲ್ಲೋ ಬದಲು ಇಲ್ಲೇ ಕತ್ತು ಹಿಸುಕಿಬಿಡಿ. ನಿಮಗೂ ಶ್ರಮ ಉಳಿಯುತ್ತೆ!"

ಮೇಜಿನ ಹಿಂದಿನಿಂದ ಸೋದರಮಾವ ನಿಟ್ಟುಸಿರುಬಿಟ್ಟರು. "ಬೇಜಾರು ಮಾಡ್ಕೋಬೇಡಿ ಸಾರ್. ಬಂದ ಗಿರಾಕಿನ ಓಡಿಸೋದ್ರಲ್ಲಿ ನಮ್ಮ ಪುಟ್ಟೀದು ಎತ್ತಿದ ಕೈ."

ಅವನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಹಾಗಾದ್ರೆ ಅಲ್ಲಿ ಏನು ಬದುಕುತ್ತೆ? ನೀವೇ ಹೇಳಿ," ಎಂದ. ಬರೀ ಕೇಳಲಿಲ್ಲ, ಉತ್ತರಕ್ಕಾಗಿ ನಿಜವಾಗಿಯೂ ಕಾದ.

ಮೂವತ್ತೊಂದು ವರ್ಷದ ಪುಟ್ಟಿಗೆ ಅದು ಹೊಸದು. ಅವಳ ಮಾತಿಗೆ ಜನ ನಗುತ್ತಿದ್ದರು, ಇಲ್ಲವೇ ಮುಖ ಸಿಂಡರಿಸಿ ಹೊರಡುತ್ತಿದ್ದರು. ಕಾಯುತ್ತಿದ್ದವರು ಯಾರೂ ಇರಲಿಲ್ಲ!

"ಹಾಗೆಲ್ಲ ಹೇಳಕ್ಕಾಗಲ್ಲ," ಎಂದಳು, ದನಿ ಇಳಿಸಿ. "ನೆರಳಲ್ಲೂ ಬಗೆ ಇದೆ. ಗೋಡೆ ನೆರಳು ಬೇರೆ, ಮರದ ನೆರಳು ಬೇರೆ. ಗೋಡೆ ಬುಡದಲ್ಲಿ ಮಣ್ಣು ತಂಪಾಗಿರುತ್ತೆ. ಮರದ ಬುಡದಲ್ಲಿ ಇರೋ ನೀರನ್ನೆಲ್ಲ ಬೇರು ಕುಡಿದುಬಿಡುತ್ತೆ. ಜಾಗ ನೋಡದೆ ನಾನು ನೆರಳಿನ ಗಿಡ ಕೊಡಲ್ಲ. ಮುಂದಿನ ತಿಂಗಳು ಬಂದು ನೋಡ್ತೀನಿ. ಈಗ ಮಾವನಿಗೆ ಸೊಂಟನೋವು, ನಾನು ನರ್ಸರಿ ಬಿಟ್ಟು ಕದಲೋ ಹಾಗಿಲ್ಲ."

"ಕಾಯ್ತೀನಿ," ಎಂದ ಅವನು.

ಅವನದು ಅದೇ ರಸ್ತೆಯ ತುದಿಯಲ್ಲಿ ಕನ್ನಡಕದಂಗಡಿ. ಸಂಜೆ ಬಾಗಿಲೆಳೆದವನು ಸೀದಾ ನರ್ಸರಿಗೆ ಬರತೊಡಗಿದ. ಗಿಡಗಳ ಬಗ್ಗೆ ಕಲಿಯಬೇಕಂತೆ! ಬಿಳಿ ಹೂವಿನ ಪೀಸ್ ಲಿಲ್ಲಿ ಬಾಯಾರಿದರೆ ಹೇಗೆ ತಲೆ ಬಾಗಿಸುತ್ತೆ, ಬಿಳಿ ಕ್ಯಾಲೇಡಿಯಂ ಎಲೆಯ ನರ ಯಾಕೆ ಹಸಿರು, ಫರ್ನ್ ಎಲೆಯ ಬೆನ್ನಮೇಲಿನ ಕಂದು ಚುಕ್ಕಿ ರೋಗವಾ... ಅವನ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ.

"ಎಲ್ಲಾ ಬಿಳೀದೇ ಯಾಕೆ ಕೇಳ್ತೀರಿ?"

"ಕತ್ತಲೆ ಹಿತ್ತಲಲ್ವಾ... ಬಿಳಿಯಾದ್ರೆ ಕಾಣುತ್ತೆ."

ಒಂದು ಸಂಜೆ ಅವಳು ಬೀಜದ ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು ಓದುವುದನ್ನು ಅವನು ಸುಮ್ಮನೆ ನೋಡಿದ. ಮರುದಿನ ಅಂಗಡಿಗೆ ಕರೆಸಿ, ಕಣ್ಣು ಪರೀಕ್ಷಿಸಿ, ಮೂರನೇ ದಿನ ತಾನೇ ಕನ್ನಡಕ ತಂದು ಅವಳ ಕಿವಿಗೆ ಏರಿಸಿದ. ಅವನ ಬೆರಳು ಕೂದಲಿಗೆ ತಾಕಿದಾಗ ಪುಟ್ಟಿಯ ಎದೆ ಢವಢವ ಎಂದಿತು. ಆ ಪೊಟ್ಟಣದ ಸಣ್ಣಕ್ಷರಗಳೆಲ್ಲ ಸ್ಪಷ್ಟವಾಗಿ ಕಂಡವು. ಅವನ ಮುಖವೂ ಕಂಡಿತು.

'ಅಯ್ಯೋ... ನಾನು ಕೆಟ್ಟೆ!' ಎಂದುಕೊಂಡಳು.

ಮಾವನ ಸೊಂಟ ವಾಸಿಯಾಯಿತು. ಹಿತ್ತಲು ನೋಡಲು ಭಾನುವಾರ ಗೊತ್ತಾಯಿತು. ಶನಿವಾರ ಸಂಜೆ ಅವನು ಖುಷಿಯಿಂದಲೇ ಬಂದ.

"ನಾಳೆ ಖಂಡಿತ ಬರ್ತೀರಲ್ವಾ? ಮನೆಯವರು ನಿಮ್ಮನ್ನ ನೋಡ್ಬೇಕು ಅಂತ ಬೆಳಿಗ್ಗೆಯಿಂದ ಒಂದೇ ಸಮನೆ ಕೇಳ್ತಿದ್ದಾರೆ. ಈ ಹಿತ್ತಲೆಲ್ಲ ಅವರಿಗೋಸ್ಕರಾನೇ."

ಮನೆಯವರು...!

ಪುಟ್ಟಿಯ ಕೈಲಿದ್ದ ನೀರಿನ ಪೈಪು ಒಂದೇ ಕುಂಡಕ್ಕೆ ಸುರಿಯುತ್ತಲೇ ಇತ್ತು. ಮದುವೆಯಾದ ಗಂಡಸು ಹೆಂಡತಿಯನ್ನು ಹಾಗೆ ಅನ್ನದೆ ಇನ್ನೇನು ಅನ್ನುತ್ತಾನೆ? ಇಷ್ಟು ದಿನ ಹೆಂಡತಿಗಾಗಿ ಹೂವು ಹುಡುಕುತ್ತಿದ್ದವನ ಮುಂದೆ ನಾನು...

'ಛೀ! ನಾಚಿಕೆಯಾಗಲ್ವಾ ನಿಂಗೆ?'

"ನಾಳೆ ಆಗಲ್ಲ," ಎಂದಳು, ಬೆನ್ನು ತಿರುಗಿಸಿಯೇ. "ಯಾವತ್ತೂ ಆಗಲ್ಲ, ತುಂಬಾ ಕೆಲಸ ಇದೆ. ಗಿಡ ಈಗಲೇ ಕೊಡ್ತೀನಿ, ತಗೊಂಡು ಹೋಗಿ."

"ಆದ್ರೆ ಜಾಗ ನೋಡದೆ..."

"ಬೇಕಿಲ್ಲ!"

ಆರು ಫರ್ನ್, ಆರು ಬಿಳಿ ಇಂಪೇಷನ್ಸ್ ಹೂಗಿಡ ಸರಸರನೆ ಪೆಟ್ಟಿಗೆಗೆ ತುಂಬಿದಳು. ಮರದ ನೆರಳಾ, ಗೋಡೆ ನೆರಳಾ ಎಂದು ಎಲ್ಲರನ್ನೂ ಕೇಳುತ್ತಿದ್ದವಳು ಅವತ್ತು ಅದನ್ನೂ ಕೇಳಲಿಲ್ಲ. ಅವನು ಅವಳ ಬೆನ್ನನ್ನೇ ಒಮ್ಮೆ ನೋಡಿದ. ಪೆಟ್ಟಿಗೆ ಎತ್ತಿಕೊಂಡು ಹೋದ.

ಆಮೇಲಿನ ಸಂಜೆಗಳಲ್ಲಿ ಅವನು ಬರಲಿಲ್ಲ. ಬಂದರೂ ಒಳಗೆ ಅಡಗಿ ಕೂರಬೇಕೆಂದಿದ್ದ ಪುಟ್ಟಿಗೆ, ಅಡಗುವ ಅವಕಾಶವೂ ಸಿಗದೆ ಅಳು ಬಂತು.

"ಏನಾಯ್ತೇ?" ಮಾವ ಕೇಳಿದರು.

"ಗೊಬ್ಬರದ ಘಾಟು."

"ನಮ್ಮ ಗೊಬ್ಬರಕ್ಕೆ ಘಾಟು ಇದೆ ಅಂತ ಹೊರಗೆ ಎಲ್ಲೂ ಹೇಳ್ಬೇಡಮ್ಮ," ಎಂದ ಮಾವ ಅವಳ ತಲೆ ಸವರಿ ಹೋದರು.

ಮೂರು ವಾರ ಕಳೆದ ಮೇಲೆ ಅದೇ ಪೆಟ್ಟಿಗೆ ವಾಪಸ್ಸು ಬಂತು. ಜೊತೆಗೆ ಅವನೂ ಬಂದ. ಫರ್ನ್‌ಗಳು ಒಣಗಿ, ಮುಟ್ಟಿದರೆ ಪುಡಿಯಾಗುವಂತಿದ್ದವು. ಇಂಪೇಷನ್ಸ್ ಕಾಂಡಗಳು ಬಾಡಿ ಮಲಗಿದ್ದವು.

"ನನ್ನದೇ ತಪ್ಪಿರಬೇಕು," ಎಂದ ಅವನು ಮೆಲ್ಲಗೆ. "ನೀವು ಹೇಳಿದ ಹಾಗೆ ದಿನಾ ನೀರು ಹಾಕ್ದೆ. ಆದ್ರೂ ಹೋದ್ವು. ನಿಮ್ಮ ಗಿಡ, ನಿಮಗೆ ಹೇಳದೆ ಎಸೆಯೋಕೆ ಮನಸ್ಸಾಗಲಿಲ್ಲ. ಅದಕ್ಕೆ ತಂದೆ."

ಅಷ್ಟೇ. ಒಂದು ದೂರಿಲ್ಲ. ನಮಸ್ಕಾರ ಹೇಳಿ ಹೊರಟುಹೋದ.

ಪುಟ್ಟಿ ಒಂದು ಗಿಡದ ಬೇರನ್ನು ಬಿಡಿಸಿ ನೋಡಿದಳು. ಅಂಟಿದ್ದ ಮಣ್ಣು ಬೂದಿಯಂತೆ ಉದುರಿತು. ಅದರೊಳಗೆ ಬೇರೆ ಯಾವುದೋ ಮರದ ಎಳೆಬೇರು ಹೆಣೆದುಕೊಂಡಿತ್ತು. ಮರದ ನೆರಳು!

"ನೋಡದೆ ಕೊಟ್ಟೆಯಾ?" ಮಾವನ ದನಿಯಲ್ಲಿ ಮೊದಲ ಸಲ ಬೇಸರವಿತ್ತು. "ಬೇರೆ ಯಾರಾದ್ರೂ ಆಗಿದ್ರೆ ಹೋಗ್ಲಿ ಅಂತಿದ್ದೆ. ನೀನು ಕೊಟ್ಟೆಯಾ ಪುಟ್ಟಿ?"

ಹನ್ನೆರಡು ಗಿಡ ಅವಳ ಹೊಟ್ಟೆಕಿಚ್ಚಿಗೆ ಸತ್ತಿದ್ದವು. ತಪ್ಪನ್ನು ಅವನು ತನ್ನ ತಲೆಗೆ ಕಟ್ಟಿಕೊಂಡಿದ್ದ. ಅದನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ, ಅವನು ಅಂಗಡಿಯಲ್ಲಿರುವ ಹೊತ್ತು ನೋಡಿಯೇ, ಹಿತ್ತಲು ನೋಡಲೆಂದು ಅವನು ಬರೆದುಕೊಟ್ಟಿದ್ದ ವಿಳಾಸ ಹಿಡಿದು ಹೊರಟಳು. 'ಅವನ ಹೆಂಡತಿ ಹತ್ರ ಕ್ಷಮೆ ಕೇಳ್ತೀನಿ. ಜಾಗ ನೋಡ್ತೀನಿ. ಸರಿಯಾದ ಗಿಡ ಮಾವನ ಕೈಲಿ ಕಳಿಸ್ತೀನಿ. ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಲ್ಲ!'

ಬಾಗಿಲು ತೆರೆದಾಕೆಗೆ ಎಪ್ಪತ್ತೈದರ ಮೇಲಿರಬೇಕು. ಕಪ್ಪು ಕನ್ನಡಕ. ಕತ್ತಿನಲ್ಲಿ ಅಳತೆ ಟೇಪು.

"ಇಲ್ಲಿ... ಕನ್ನಡಕದಂಗಡಿಯವರ ಮನೆಯವರು..." ಪುಟ್ಟಿ ತೊದಲಿದಳು.

"ನಾನೇ ಮನೆಯವಳು. ಅವನು ಮಹಡಿ ರೂಮಲ್ಲಿ ಬಾಡಿಗೆಗಿದ್ದಾನೆ. ನೀನ್ಯಾರಮ್ಮ?"

"ನೀವು... ಮನೆಯವರಾ?"

"ಹೂಂ, ಹಾಗೇ ಕರೀತಾನೆ. ಬಂದ ಹೊಸದರಲ್ಲಿ ಅಜ್ಜಿ ಅಂದ. ಇನ್ನೊಂದ್ಸಲ ಅಜ್ಜಿ ಅಂದ್ರೆ ರೂಮ್ ಖಾಲಿ ಮಾಡು ಅಂದೆ. ಅವತ್ತಿಂದ ನಾನು ಮನೆಯವರು."

ಪುಟ್ಟಿಗೆ ನಗು ಬಂತೋ ಅಳು ಬಂತೋ, ಅವಳಿಗೇ ತಿಳಿಯಲಿಲ್ಲ. ಬಾಗಿಲಲ್ಲೇ ನಿಂತು ಎರಡನ್ನೂ ಒಟ್ಟಿಗೆ ಮಾಡಿದಳು. ಹೆಸರು ದಡದಡನೆ ಹೇಳಿದಳು, ಮನೆಯವರು ಅಂದರೆ ಹೆಂಡತಿ ಅಂದುಕೊಂಡದ್ದನ್ನೂ, ಅದಕ್ಕೆ ಮಾಡಿದ ತಪ್ಪನ್ನೂ ಹೇಳಿದಳು.

ಮನೆಯೊಡತಿ ಹೊಟ್ಟೆ ಹಿಡಿದು ನಕ್ಕಳು. "ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ! ಬಾಯಿ ಬಿಟ್ಟು ಒಂದು ಮಾತು ಕೇಳೋಕೇನಾಗಿತ್ತೇ?"

ಹಿತ್ತಲಿನ ಮುಕ್ಕಾಲು ಭಾಗವನ್ನು ಒಂದು ದೊಡ್ಡ ಮರ ಆವರಿಸಿತ್ತು. ಅದರಡಿ ಒಂದು ಹಳೆಯ ಕುರ್ಚಿ.

"ನಲವತ್ತು ವರ್ಷ ಹೊಲಿಗೆ ಮಿಷನ್ ಮುಂದೆ ಕೂತ ಕಣ್ಣು ಇದು," ಎಂದಳು ಆಕೆ. "ಈಗ ಬೆಳಕು ಚುಚ್ಚುತ್ತೆ. ನೆರಳಲ್ಲಿ ಮಾತ್ರ ಕಣ್ಣು ಬಿಡಬಹುದು. ಆದ್ರೆ ನೆರಳಲ್ಲಿ ಹಸಿರು, ಕೆಂಪು ಎಲ್ಲಾ ಒಂದೇ ಮಸಿ. ಬಿಳಿ ಇದ್ರೆ ಕಾಣ್ತದೆ. ಅದಕ್ಕೇ ಆ ಹುಡುಗ ಹಟ ಹಿಡಿದ. ನೀವು ಕೂತಲ್ಲೇ ಹೂವು ನೋಡ್ಬೇಕು ಅಂದ. ಸತ್ತ ಗಿಡಗಳನ್ನ ನನಗೆ ಕಾಣದ ಹಾಗೆ ಎತ್ತಿಟ್ಟ. ಕಾಣಲ್ಲ ಅಂತ ಅವನಿಗೆ ಗೊತ್ತು, ಆದ್ರೂ."

ಪುಟ್ಟಿಯ ಕಣ್ಣು ತುಂಬಿ ಬಂತು. ಅವಳು ಮರದ ಬುಡದಲ್ಲಿ ಮಂಡಿಯೂರಿದಳು. ಬೇರುಗಳ ನಡುವೆ ಬೆರಳಿಟ್ಟು ಮಣ್ಣಿರುವ ಜಾಗಗಳನ್ನು ಒಂದೊಂದಾಗಿ ಹುಡುಕಿದಳು.

"ಬೇರು ಕಡಿಯೋದು ಬೇಡ. ಈ ಸಂದುಗಳಲ್ಲಿ ಬಿಳಿ ಪಟ್ಟೆಯ ಸ್ಪೈಡರ್ ಪ್ಲಾಂಟ್ ಹಿಡಿಯುತ್ತೆ, ಅದಕ್ಕೆ ಒಣಮಣ್ಣಾದ್ರೂ ಸರಿ. ಹಿಂದೆ ತಿಳಿಬಣ್ಣದ ಅಂಚಿನ ಸ್ನೇಕ್ ಪ್ಲಾಂಟ್. ಪೀಸ್ ಲಿಲ್ಲಿ, ಬಿಳಿ ಕ್ಯಾಲೇಡಿಯಂ ಕುಂಡದಲ್ಲೇ ಇರ್ಲಿ. ಇಟ್ಟಿಗೆ ಮೇಲೆ, ನಿಮ್ಮ ಕುರ್ಚಿ ಎತ್ತರಕ್ಕೆ. ಬೇರಿಗೆ ಸಿಗಬಾರದು."

ಮಾವನಿಗೆ ಫೋನ್ ಮಾಡಿದಳು. ಅರ್ಧ ಗಂಟೆಯಲ್ಲಿ ಗಿಡಗಳ ಗಾಡಿ ಬಂತು. ಒಂದು ಗಂಟೆಗೆ ಊಟಕ್ಕೆಂದು ಅವನೂ ಬಂದ. ಹಿತ್ತಲ ಬಾಗಿಲಲ್ಲಿ ಗರಬಡಿದವನಂತೆ ನಿಂತ.

"ನೀವಾ...? ಇಲ್ಲಿ...?"

ಮನೆಯೊಡತಿ "ನನಗೆ ಒಳಗೆ ಕೆಲಸ ಇದೆ," ಎಂದು ಎದ್ದು ಹೋದಳು.

"ಗಿಡ ನೀವು ಕೊಲ್ಲಲಿಲ್ಲ," ಎಂದಳು ಪುಟ್ಟಿ, ತಲೆ ಎತ್ತದೆ. "ನಾನು ಕೊಂದೆ. ಇಲ್ಲಿಗೆ ಬರೋಕೆ ಹೆದರಿ ಏನೋ ಒಂದು ಕೊಟ್ಟೆ."

"ಹೆದರಿಕೆನಾ? ಯಾಕೆ?"

"ನೀವು ಮನೆಯವರು ಅಂದ್ರಿ. ನಾನು... ನಿಮ್ಮ ಹೆಂಡತಿ ಅಂದ್ಕೊಂಡೆ."

ಅವನ ತುಟಿ ನಗಲು ಹೊರಟು ಅಲ್ಲೇ ನಿಂತಿತು. ಅವಳ ಎದುರಿಗೆ ಮಣ್ಣಿನಲ್ಲೇ ಕೂತ. ಅಂಗಡಿಯ ಇಸ್ತ್ರಿ ಪ್ಯಾಂಟಿನ ಗತಿ ಏನಾಯಿತೆಂದು ಕೇಳಬೇಡಿ!

"ನನಗೆ ಹೆಂಡತಿ ಇದ್ರೆ... ನಿಮಗೇನು ಕಷ್ಟ?"

"ಕಷ್ಟ ಇತ್ತು."

"ನಾನು ಏನು ತಪ್ಪು ಮಾಡ್ದೆ ಅಂತ ಮೂರು ವಾರ ಯೋಚಿಸ್ದೆ," ಎಂದ ಅವನು. "ದಿನಾ ನಿಮ್ಮ ಗೇಟಿನವರೆಗೂ ಬಂದು ವಾಪಸ್ಸು ಹೋಗ್ತಿದ್ದೆ. ನಿಮಗೆ ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅಂದ್ಕೊಂಡೆ. ಫರ್ನ್ ಬಗ್ಗೆ ನನಗೆ ಏನೂ ತಿಳ್ಕೋಬೇಕಿರಲಿಲ್ಲ. ಬರೋಕೆ ಒಂದು ನೆಪ ಬೇಕಿತ್ತು ಅಷ್ಟೇ."

ಕಿಟಕಿಯೊಳಗಿಂದ ದನಿ ಬಂತು. "ಸ್ವಲ್ಪ ಜೋರಾಗಿ ಮಾತಾಡ್ರಪ್ಪಾ!"

ಇಬ್ಬರೂ ಬೆಚ್ಚಿ ನಕ್ಕರು. ನಕ್ಕು ಮುಗಿದ ಮೇಲೆ ಪುಟ್ಟಿ ಯೋಚಿಸಿದಳು. ಈಗ ಎದ್ದು ಹೋದರೆ ಇವನು ಮತ್ತೆ ಗೇಟಿನವರೆಗೆ ಬಂದು ವಾಪಸ್ಸು ಹೋಗುತ್ತಾನೆ, ನಾನು ಮತ್ತೆ ಗೊಬ್ಬರದ ಘಾಟು ಅನ್ನುತ್ತೇನೆ. ಒಂದು ಮಾತು ಕೇಳದೆ ಮೂರು ವಾರ ಕಳೆದದ್ದು ಸಾಕಾಗಿತ್ತು.

ಕನ್ನಡಕ ತೆಗೆದು ಒರೆಸಿದಳು. ಹಾಕಿಕೊಂಡಳು. ಅವನ ಮುಖವನ್ನೇ ನೋಡಿದಳು.

"ನನ್ನನ್ನ ಮದುವೆ ಆಗ್ತೀರಾ?"

"ಇದನ್ನ... ನಾನು ಕೇಳ್ಬೇಕಿತ್ತು..."

"ನೀವು ಕೇಳಲಿಲ್ಲ. ನಾನು ಕೇಳ್ದೆ. ಹೂಂ ಅಂತೀರಾ, ಇಲ್ಲ ಅಂತೀರಾ?"

"ಹೂಂ," ಎಂದ. ಕಣ್ಣೊರೆಸಿಕೊಂಡು ಮತ್ತೆ ಅಂದ, "ಹೂಂ... ಇನ್ನೊಂದ್ಸಲ ಕೇಳ್ತೀರಾ? ಸರಿಯಾಗಿ ಹೇಳ್ತೀನಿ."

"ಒಂದ್ಸಲ ಸಾಕು. ಆ ಲಿಲ್ಲಿ ಕುಂಡ ಈ ಕಡೆ ಕೊಡಿ."

ಅವನು ಕೊಟ್ಟ. ಇಬ್ಬರ ಮಣ್ಣುಗೈಗಳೂ ಕುಂಡದ ಮೇಲೇ ನಿಂತವು. ಅವಳು ಇನ್ನೊಂದು ಸಲ ಕೇಳಿದಳು.