ಆಡುವಂತಿಲ್ಲದ ವರ್ಷ

"ಶಟಲ್ ಡಬ್ಬಿಗಳನ್ನ ಅಲ್ಲೇ ಇಟ್ಟು ಹೋಗಿ. ಸಹಿ ಬೇಕಿದ್ರೆ ಆಫೀಸಲ್ಲಿ ಕೇಳಿ."

ನೆಟ್ ಕಟ್ಟುತ್ತಿದ್ದ ಉದ್ದನೆಯ ಹುಡುಗ ತಿರುಗಿಯೂ ನೋಡದೆ ಹೇಳಿದ. ಹೊಸ ಕಾಲೇಜಿನ ಬ್ಯಾಡ್ಮಿಂಟನ್ ಹಾಲ್‌ಗೆ ಅಂದೇ ಮೊದಲ ಸಲ ಕಾಲಿಟ್ಟಿದ್ದ ಅವಳು, ಕೋಚ್ ಮೇಡಂ ಕೊಟ್ಟು ಕಳಿಸಿದ್ದ ಡಬ್ಬಿಗಳನ್ನು ಸದ್ದಿಲ್ಲದೆ ಕೆಳಗಿಟ್ಟಳು. ಚೀಲದಿಂದ ರ‍್ಯಾಕೆಟ್ ತೆಗೆದು ಎಡಗೈಯಲ್ಲಿ ಹಿಡಿದಳು.

ಸ್ವಲ್ಪ ಹೊತ್ತಿಗೆಲ್ಲ ಅವಳೆದುರು ಆಡಿ ಸೋತ ಅದೇ ಹುಡುಗ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ.

"ಅಂಗಡಿಯವರು ಅಂದ್ಕೊಂಡೆ."

"ಗೊತ್ತಾಯ್ತು. ಸಹಿ ಆಮೇಲೆ ಹಾಕು."

ನಗುವಾಗ ಅವನ ಒಂದು ಕಣ್ಣು ಇನ್ನೊಂದಕ್ಕಿಂತ ಮೊದಲೇ ಕಿರಿದಾಗುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಅವನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅವಳಿಗೂ ಒಂದು ಹೆಸರು ಬಿತ್ತು: ಎಡಚಿ.

ಹೆಸರು ಸಿಕ್ಕಿತು, ಜಾಗ ಸಿಗಲಿಲ್ಲ. ಓದಿನ ನಡುವೆ ಕಾಲೇಜು ಬದಲಿಸಿದ ಆಟಗಾರರು ಒಂದು ವರ್ಷ ಪಂದ್ಯ ಆಡುವಂತಿರಲಿಲ್ಲ. ಹಳೆಯ ಕೋಚ್ ಒಪ್ಪಿದರೆ ಮಾತ್ರ ವಿನಾಯಿತಿ. ಅವಳ ಕೋಚ್ ಒಪ್ಪಿರಲಿಲ್ಲ. ಹಾಗಾಗಿ ದಿನಾ ಅಭ್ಯಾಸ, ಪಂದ್ಯದ ದಿನ ಬೆಂಚು. ಹಳೆಯ ಕಾಲೇಜಿನಲ್ಲಿ ಪಾಸಾದ ವಿಷಯಗಳನ್ನು ಇಲ್ಲಿ ಪರಿಗಣಿಸದ ಕಾರಣ, ತನಗಿಂತ ಚಿಕ್ಕವರ ನಡುವೆ ಕೂತು ಅದೇ ಪಾಠ ಮತ್ತೆ ಕೇಳಬೇಕಿತ್ತು. ತಂಡದ ಹುಡುಗಿಯರು ಎದುರು ಸಿಕ್ಕರೆ ನಗುತ್ತಿದ್ದರು, ಊಟಕ್ಕೆ ಹೋಗುವಾಗ ಕರೆಯಲು ಮರೆಯುತ್ತಿದ್ದರು. ಅಮ್ಮ ಫೋನ್ ಮಾಡಿದರೆ "ಚೆನ್ನಾಗಿದೀನಮ್ಮ" ಎಂದು ಮಾತು ಮುಗಿಸಿ ಮುಖ ತೊಳೆದುಕೊಳ್ಳುತ್ತಿದ್ದಳು.

ಏಣಿ ಮಾತ್ರ ಎಲ್ಲರೂ ಹೋದ ಮೇಲೂ ಉಳಿದು ಅವಳ ಜೊತೆ ಡಬಲ್ಸ್ ಹೆಜ್ಜೆಗಳನ್ನು ಅಭ್ಯಾಸ ಮಾಡುತ್ತಿದ್ದ. ಒಂದು ದಿನ ಅವಳ ಬೆರಳಿನ ಗುಳ್ಳೆ ಒಡೆದಾಗ ಟೇಪ್ ಸುತ್ತಲು ಕೂತ.

"ಬಿಗಿ ಆಯ್ತಾ?"

"ಇಲ್ಲ."

"ಮತ್ಯಾಕೆ ಉಸಿರು ಹಿಡ್ಕೊಂಡಿದೀಯ?"

"ನಿನ್ನ ಬೆವರಿನ ವಾಸನೆಗೆ."

ಅವನು ಸುತ್ತುವುದನ್ನು ನಿಲ್ಲಿಸಿ ಕಣ್ಣೆತ್ತಿದ. ಅವಳು ಗೋಡೆಯ ಗಡಿಯಾರ ನೋಡಿದಳು. ಅದು ಕೆಟ್ಟು ನಿಂತು ಬಹಳ ದಿನವಾಗಿತ್ತು. ಇಬ್ಬರಿಗೂ ಗೊತ್ತಿತ್ತು.

ಅಂತರಕಾಲೇಜು ಪಂದ್ಯಾವಳಿ ಹತ್ತಿರ ಬಂದಾಗ, ಮಿಕ್ಸೆಡ್ ಡಬಲ್ಸ್‌ನಲ್ಲಿ ಏಣಿಯ ಜೊತೆ ಆಡಬೇಕಿದ್ದ ಕ್ಯಾಪ್ಟನ್ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಳು. ಮಾರನೆಯ ಸಂಜೆ ಏಣಿ ಎಡಚಿಯ ಕ್ಲಾಸಿನ ಹೊರಗೆ ಕಾಯುತ್ತಿದ್ದ. ಮುಖ ಅರಳಿತ್ತು.

"ನಿನ್ನ ಹಳೇ ಕೋಚ್‌ನ ನೋಡ್ಕೊಂಡು ಬಂದೆ. ಒಪ್ಕೋತಾರಂತೆ. ತಂಡ ಬಿಟ್ಟಿದ್ದಕ್ಕೆ ಅವರೆಲ್ಲರ ಮುಂದೆ ನೀನೊಂದು ಸಲ ತಪ್ಪಾಯ್ತು ಅಂದ್ರೆ ಸಾಕು."

"ನನ್ನ ಕೇಳಿದ್ಯಾ?"

"ಖುಷಿ ಪಡ್ತೀಯ ಅಂತ..."

"ಹೋದ ವರ್ಷ ಈ ಕೈ ಭುಜಕ್ಕಿಂತ ಮೇಲೆ ಏಳ್ತಿರಲಿಲ್ಲ. ಡಾಕ್ಟರ್ ಆಡಬೇಡ ಅಂದ್ರು. ಆ ಕೋಚ್ ಎಲ್ಲರ ಮುಂದೆ ನಾಟಕ ಅಂದ್ರು, ಆಡಿಸಿದ್ರು. ಗೆದ್ವಿ. ಆಮೇಲೆ ಎಷ್ಟೋ ದಿನ ಅಮ್ಮನೇ ನನ್ನ ತಲೆ ಬಾಚಿದ್ದು. ಈಗ ನಾನು ತಪ್ಪಾಯ್ತು ಅನ್ಬೇಕಾ?"

"ನಂಗೆ ಗೊತ್ತಿರಲಿಲ್ಲ."

"ಕೇಳಿದ್ರೆ ಗೊತ್ತಾಗ್ತಿತ್ತು."

ಅಂದಿನಿಂದ ಅವಳು ಹಾಲ್‌ನ ಇನ್ನೊಂದು ತುದಿಯಲ್ಲಿ ಅಭ್ಯಾಸ ಮಾಡತೊಡಗಿದಳು. ಕುಂಟುತ್ತ ಬಂದ ಕ್ಯಾಪ್ಟನ್, "ಒಂದು ಮಾತು ತಾನೇ? ಬಾಯಿ ಸವೆಯುತ್ತಾ?" ಎಂದಳು. ಕೋಚ್ ಮೇಡಂ ಮಾತ್ರ, "ನಿನ್ನಿಷ್ಟ ಕಣಮ್ಮ. ನಾನು ಒತ್ತಾಯ ಮಾಡಲ್ಲ" ಎಂದರು.

ಏಣಿಯೊಂದಿಗೆ ಒಂದೇ ಒಂದು ಪಂದ್ಯ. ಆ ಆಸೆ ಅವಳನ್ನು ಬಿಡಲಿಲ್ಲ. ಕೊನೆಗೆ ಹಳೆಯ ಕೋಚ್‌ಗೆ ತಾನೇ ಫೋನ್ ಮಾಡಿದಳು.

"ದಾರಿಗೆ ಬಂದೆಯಲ್ಲ. ಬಾ, ಎಲ್ಲರನ್ನೂ ಸೇರಿಸ್ತೀನಿ," ಎಂದರು ಅವರು. ದನಿಯಲ್ಲಿ ನಗುವಿತ್ತು.

ಅವಳು ಫೋನ್ ಕಟ್ ಮಾಡಿದಳು. ಎಡಭುಜ ಸುಮ್ಮಸುಮ್ಮನೆ ನೋಯತೊಡಗಿತ್ತು.

ಪಂದ್ಯಾವಳಿಯಲ್ಲಿ ಏಣಿ ಹೊಸ ಹುಡುಗಿಯೊಬ್ಬಳ ಜೊತೆ ಆಡಿ ಮೊದಲ ಸುತ್ತಿನಲ್ಲೇ ಸೋತ. ಟವೆಲ್ಲನ್ನು ಕುತ್ತಿಗೆಗೆ ಹಾಕಿಕೊಂಡು ನೇರ ಗ್ಯಾಲರಿಗೆ ಹತ್ತಿ ಬಂದು, ಅವಳಿಂದ ಒಂದು ಕುರ್ಚಿ ಬಿಟ್ಟು ಕೂತ.

"ಸೋತೆ."

"ನೋಡ್ದೆ. ಎಡಗಡೆ ಪೂರ್ತಿ ಖಾಲಿ ಬಿಡ್ತಿದ್ದೆ."

"ಅಲ್ಲಿ ನೀನಿದೀಯ ಅಂತ ಕಾಲಿಗೆ ಅಭ್ಯಾಸ ಆಗಿಬಿಟ್ಟಿದೆ."

ಅವಳು ನಡುವಿನ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಕೆಳಗಿಟ್ಟಳು.

"ತಪ್ಪು ನಂದೇ," ಎಂದ ಅವನು, ಟವೆಲ್ಲಿನ ಅಂಚು ಹಿಂಡುತ್ತ. "ಅಲ್ಲಿ ಹೋಗಿ ಕೈ ಮುಗಿದಿದ್ದು ತಂಡಕ್ಕೋಸ್ಕರ ಅಲ್ಲ. ಇದು ನನ್ನ ಕೊನೇ ವರ್ಷ. ನೀನು ಆಡೋ ಹೊತ್ತಿಗೆ ನಾನಿರಲ್ಲ. ಒಂದೇ ಒಂದು ಪಂದ್ಯದಲ್ಲಿ ನಿನ್ನ ಪಕ್ಕ ನಿಲ್ಬೇಕಿತ್ತು."

"ಅದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳದಿದ್ದದ್ದೇ ಒಳ್ಳೇದಾಯ್ತು. ಹೇಳಿದ್ರೆ ಹೋಗಿ ತಪ್ಪಾಯ್ತು ಅಂದುಬಿಡ್ತಿದ್ದೆ ನೀನು."

ಅವಳು ಕೆಳಗಿನ ಕೋರ್ಟಿನತ್ತ ತಿರುಗಿದಳು.

"ಅಂದುಬಿಡ್ತಿದ್ದೆ," ಎಂದಳು.

ಅವನಿಗೆ ಆ ಮಾತು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದಾಗ ನಗಲಿಲ್ಲ. ನಡುವಿನ ಕುರ್ಚಿಗೆ ಸರಿದು ಅವಳ ಕೈ ಹಿಡಿದ.

"ಮುಂದಿನ ವರ್ಷ ನನ್ನ ಮೊದಲ ಪಂದ್ಯಕ್ಕೆ ಬರ್ತೀಯಾ?"

"ಕೆಲಸ ಯಾವ ಊರಲ್ಲಿ ಸಿಗುತ್ತೋ ಗೊತ್ತಿಲ್ಲ. ಬರ್ತೀನಿ ಅಂತ ಸುಮ್ನೆ ಹೇಳಲ್ಲ." ಆಮೇಲೆ ಸೇರಿಸಿದ, "ಬರೋಕೆ ಒದ್ದಾಡ್ತೀನಿ."

ಅವಳು ಒದ್ದೆಯಾಗಿದ್ದ ಅವನ ಭುಜಕ್ಕೆ ತಲೆ ಆನಿಸಿದಳು. ಕೆಳಗೆ ಇಡೀ ತಂಡ ಒಬ್ಬೊಬ್ಬರಾಗಿ ಕತ್ತೆತ್ತಿ ನೋಡತೊಡಗಿತು. ಅವಳು ಕೈ ಬಿಡಿಸಿಕೊಳ್ಳಲಿಲ್ಲ.