ಕುರನೂರಿನ ಗಾಳಿಯಂತ್ರ

ಮುಕ್ತಾಬಾಯಿ ಊಟಕ್ಕೆ ಕೂರುವ ಹೊತ್ತಿಗೆ ಪಕ್ಕದ ಮನೆಯ ಹುಡುಗ ವೇದಾಂತ ಬಾಗಿಲಲ್ಲಿ ಬಂದು ನಿಂತ. ಓಡುತ್ತಲೇ ಬಂದಿದ್ದ.

"ಮಾವಶಿ, ನಾ ಅದನ್ನ ಮುಟ್ಟೇ ಇಲ್ರಿ. ಊಟದ ಸುಟ್ಟಿ ಮುಗದ ಕೂಡ್ಲೇ ಸ್ಪರ್ಧಾದಾಗಿಂದ ನನ್ನ ಹೆಸರು ಹೊಡದ ಹಾಕ್ತಾರ."

ಮುಕ್ತಾಬಾಯಿ ವಿಮಾ ಕಂಪನಿಗಾಗಿ ಕೆಟ್ಟ ಯಂತ್ರಗಳನ್ನು ಪರೀಕ್ಷಿಸಿ ನಿವೃತ್ತರಾದವರು. ಸೋಲಾಪುರದ ನಮ್ಮ ನವಿ ಪೇಠದಲ್ಲಿ ಏನೇ ಗುಟ್ಟು ಬಿಡಿಸಬೇಕಾದರೂ ಜನ ಕರೆಯುವುದು ಅವರನ್ನೇ. ನಾನು ಗುರುಶಾಂತ, ಅವರ ಮಹಡಿಯ ಬಾಡಿಗೆದಾರ. ಅವರು ಹೋದಲ್ಲಿಗೆಲ್ಲ ಜೊತೆಗೆ ಹೋಗುವವನು.

ದಾರಿಯಲ್ಲಿ ವೇದಾಂತ ಎಲ್ಲ ಹೇಳಿದ. ವಿದ್ಯಾರ್ಥಿಗಳೇ ಸಣ್ಣ ಗಾಳಿಯಂತ್ರ ಕಟ್ಟುವ ಸ್ಪರ್ಧೆ ಅದು. ಕುರನೂರಿನ ಸಾರಿಕಾಳ ಯಂತ್ರ ನಿನ್ನೆ ಅವರೂರ ಕಟ್ಟೆಯ ಗಾಳಿಗೆ ದೀಪ ಹೊತ್ತಿಸಿತ್ತು. ಇಂದು ಸೋಲಾಪುರದ ಶೆಡ್ಡಿನಲ್ಲಿ, ಗಾಳಿ ಬೀಸುವ ದೊಡ್ಡ ಪಂಖಾದ ಮುಂದೆ, ಕುಂಟುತ್ತ ತಿರುಗಿತು, ದೀಪ ಹೊತ್ತಲಿಲ್ಲ. ಯಾರೋ ರೆಕ್ಕೆಗಳ ಚಕ್ರವನ್ನು ಬಿಚ್ಚಿ, ಹಿಂದುಮುಂದಾಗಿ ಕೂರಿಸಿದ್ದರು. ಚಹಾದ ಹೊತ್ತಿನಲ್ಲಿ ಶೆಡ್ಡಿನಲ್ಲಿ ಒಬ್ಬನೇ ಇದ್ದವನು ವೇದಾಂತ, ಅದೂ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದು.

ಅವನನ್ನು ನಂಬಬೇಕೋ ಬೇಡವೋ ಎಂದು ನನಗೆ ಅಳುಕಿತ್ತು. ಮುಕ್ತಾಬಾಯಿಗೆ ಅಂಥ ಅಳುಕು ಇರಲಿಲ್ಲ. ಯಂತ್ರ ನೋಡುವ ತನಕ ಅವರು ಯಾರನ್ನೂ ನಂಬುವುದಿಲ್ಲ, ಅನುಮಾನಿಸುವುದೂ ಇಲ್ಲ.

ಶೆಡ್ಡಿನಲ್ಲಿ ಸಾರಿಕಾಳ ಯಂತ್ರ ಇನ್ನೂ ಹಾಗೆಯೇ ನಿಂತಿತ್ತು. ಚಕ್ರದ ನಡುವಿನ ತಟ್ಟೆಯ ಮೇಲೆ, ಪಂಖಾದ ಕಡೆಗೆ, ಪೂಜೆಯಲ್ಲಿ ಹಚ್ಚುವ ಅರಿಶಿನದ ಪುಡಿ, ಭಂಡಾರ, ಢಾಳಾಗಿ ಕಾಣುತ್ತಿತ್ತು. ಮುಕ್ತಾಬಾಯಿ ಬಗ್ಗಿ ತಟ್ಟೆಯ ಹಿಂಬದಿಯನ್ನೂ ನೋಡಿದರು. ಅದು ಸ್ವಚ್ಛವಾಗಿತ್ತು. ಭಂಡಾರ ಹಚ್ಚಿದವರು ಯಾರೆಂದು ಸಾರಿಕಾಳನ್ನು ಕೇಳಿದರು.

"ನಮ್ಮ ರೇವಣ್ಣ ಕಾಕಾರಿ. ಇಂದು ಮುಂಜಾನಿ ಮನ್ಯಾಗ ಪೂಜಿ ಮಾಡಿ, ಜೀಪಿನಾಗ ತಂದಾನ. ಇಲ್ಲಿ ಯಾರೂ ಹಚ್ಚಿಲ್ಲ."

ನಿನ್ನೆ ದೀಪ ಹೊತ್ತಿದಾಗ ಎಲ್ಲರಿಗೂ ಖುಷಿಯಾಯಿತೇ ಎಂದೂ ಕೇಳಿದರು. ಚಕ್ರ ಎಡಕ್ಕೆ ತಿರುಗುತ್ತದೆಂದು ಕಾಕಾ ಒಬ್ಬನೇ ಮುಖ ಸಣ್ಣ ಮಾಡಿದ್ದನಂತೆ.

ಮುಕ್ತಾಬಾಯಿ ಪರೀಕ್ಷಕರನ್ನೂ ಮಕ್ಕಳನ್ನೂ, ಹೊರಗೆ ಜೀಪಿನ ಬಳಿ ನಿಂತಿದ್ದ ರೇವಣ್ಣನನ್ನೂ ಕರೆಸಿದರು.

"ಪೂಜಿ ಮಾಡಾವ್ರು ಮುಂದ ನಿಂತು ಭಂಡಾರ ಹಚ್ತಾರ. ಇಲ್ಲಿ ಬಂದ ಮ್ಯಾಲ ಚಕ್ರ ತಿರುವಿ ಹಾಕಿದ್ರ, ಭಂಡಾರ ಹಿಂದ ಹೋಗಬೇಕಿತ್ತು. ಅದು ಇನ್ನೂ ಮುಂದ ಅದ. ಅಂದ್ರ ಪೂಜಿಗಿಂತ ಮೊದಲ, ಕುರನೂರಾಗ ತಿರುವ್ಯಾರ. ಎಲ್ಲಾ ನಟ್ಟು ಜತನ್ಲೆ ಬಿಗದಾರ. ಕೆಡಸಾವ ಹಂಗ ಬಿಗಿಯೂದಿಲ್ಲ. ಎಡಕ್ಕ ತಿರಗೂದು ಯಾರಿಗಿ ಬ್ಯಾಡಾಗಿತ್ತೋ, ಅವ್ರದ ಈ ಕೆಲಸ. ಹೌದಿಲ್ರಿ, ರೇವಣ್ಣಾ?"

ರೇವಣ್ಣ ತಲೆಯ ರುಮಾಲು ತೆಗೆದ.

"ಬೀರೋಬಾನ ಗುಡಿ ನಾವು ಬಲಕ್ಕ ಸುತ್ತತೀವ್ರಿ. ಅವನ ಭಂಡಾರ ಹಚ್ಚಿದ್ದು ಎಡಕ್ಕ ತಿರಗಬಾರದು ಅನಸ್ತು. ಮಗ್ಗಲಾ ಬದಲಿಸಿದ್ರ ಬಲಕ್ಕ ತಿರಗೀತು ಅಂದ್ಕೊಂಡೆ. ಈ ಹುಡುಗನ್ನ ಹಿಡದಾಗ ನಾಚಿಗಿ ಆಗಿ ಬಾಯಿ ಬರಲಿಲ್ಲ."

"ಬೋಲ್ಟ್ ಯಾವ ತುದಿಯಿಂದ ನೋಡಿದ್ರೂ ಅದರ ಮ್ಯಾಲಿನ ಗೀರಿನ ಓರಿ ಬದಲಾಗೂದಿಲ್ಲ. ರೆಕ್ಕಿನೂ ಹಂಗ. ತಿರುವಿ ಹಾಕಿದ್ರೂ ಮುಂದ ನಿಂತಾವ್ರಿಗಿ ಎಡಕ್ಕ ತಿರಗ್ತು, ಶಕ್ತಿ ಮಾತ್ರ ಹೋತು," ಎಂದರು ಮುಕ್ತಾಬಾಯಿ. "ನೀವು ಹಿಂದ ಹೋಗಿ ನಿಂತಿದ್ರ ಸಾಕಿತ್ತು. ಅಲ್ಲಿಂದ ಅದು ಬಲಕ್ಕ ತಿರಗತದ."

ಪರೀಕ್ಷಕರು ವೇದಾಂತನ ಹೆಸರನ್ನು ಉಳಿಸಿ, ಸಾರಿಕಾಳಿಗೆ ಮತ್ತೊಂದು ಸರದಿ ಕೊಟ್ಟರು. ಚಕ್ರ ಸರಿ ಕೂರಿಸಿದ ಮೇಲೆ ದೀಪ ಹೊತ್ತಿತು.

ಮುಂದಿನ ಸರದಿ ವೇದಾಂತನದು. ಅದಕ್ಕೂ ಮೊದಲು ಅವನಿಗೆ ನೀರು ಕುಡಿಯಬೇಕಿತ್ತು, ಆದರೆ ಯಂತ್ರ ಬಿಟ್ಟು ಕದಲಲು ಧೈರ್ಯವಿಲ್ಲದೆ ನಿಂತಿದ್ದ. ಸಾರಿಕಾ ಬಂದು ಅದರ ಪಕ್ಕದಲ್ಲಿ ನಿಂತಳು.

"ಹೋಗಿ ಬಾ. ಇದರ ಹತ್ರ ನಾ ಒಬ್ಬಾಕೀನೇ ಇರ್ತೀನಿ. ಏನರ ಆದ್ರ, ನನ್ನ ಹೆಸರು ಹೇಳು."