ಕರಡಿಯ ಕೆಂಪು ಮೂಗು

"ನನ್ನ ಮಣಿ ಯಾರು ಮುಟ್ಟಿದ್ದು?" ಅಕ್ಕನ ಕೂಗಿಗೆ ಅಡುಗೆಮನೆಯಲ್ಲಿದ್ದ ಅಮ್ಮ ಬೆಚ್ಚಿಬಿದ್ದಳು.

ನಾಳೆಯೇ ಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನನ್ನು ದೇಹ ಹೇಗೆ ಕಟ್ಟುತ್ತದೆ ಎಂದು ತೋರಿಸಲು ಅಕ್ಕ ರಟ್ಟಿನ ಮೇಲೆ ಜೇಡಿಮಣ್ಣು ಬಳಿದು ಬಣ್ಣದ ಮಣಿ ಒತ್ತಿದ್ದಳು. ಮೂರು ಮಣಿ ಸೇರಿದರೆ ಒಂದು ಕೋಡಾನ್, ಅಂದರೆ ಒಂದು ಸಂಕೇತ. ಒಂದು ಕೋಡಾನ್ ಒಂದು ಅಮೈನೊ ಆಮ್ಲವನ್ನು ಕರೆಯುತ್ತದೆ. ಅಮೈನೊ ಆಮ್ಲಗಳು ಸಾಲಾಗಿ ಕೈಹಿಡಿದರೆ ಪ್ರೋಟೀನ್ ರೆಡಿ. ಈಗ ನೋಡಿದರೆ ಕೆಂಪು-ಹಳದಿ-ಕೆಂಪು ಇದ್ದ ಕಡೆ ಕೊನೆಯದು ಹಳದಿಯಾಗಿತ್ತು! ಡಬ್ಬಿಯಲ್ಲಿ ಬೇರೆ ಕೆಂಪು ಮಣಿಯೂ ಇರಲಿಲ್ಲ.

ತಮ್ಮ ಗುಂಡ ಮಂಚದಲ್ಲಿ ಕಂಬಳಿ ಹೊದ್ದು, ಏನೂ ಅರಿಯದವನಂತೆ ಚಾವಣಿ ನೋಡುತ್ತಿದ್ದ. ಪಕ್ಕದಲ್ಲಿದ್ದ ಬಟ್ಟೆಯ ಕರಡಿಗೆ ಹೊಸ ಕೆಂಪು ಮೂಗು ಬಂದಿತ್ತು.

"ಪಾಪ, ಅದಕ್ಕೆ ಮೂಗೇ ಇರ್ಲಿಲ್ಲ. ಬದಲಿಗೆ ಹಳದಿ ಇಟ್ಟಿದ್ದೀನಲ್ಲ!"

"ಕಾಲು ನೋವು ಅಂತ ಮಲಗಿದ್ದೋನು ಮೇಜಿನವರೆಗೆ ಹೇಗೆ ಬಂದ್ಯೋ, ನಾಟಕದ ಕಂಪನಿ?"

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವುದೇ ಅವಳ ಕೆಲಸ. "ಮನೆ ಹಾರಿಹೋಗೋ ಹಾಗೆ ಕಿರುಚೋ ಮೊದಲು ನಿನ್ನ ಚಾರ್ಟ್ ನೋಡೇ."

ಅಕ್ಕ ಮುಖ ಊದಿಸಿಕೊಂಡೇ, ಯಾವ ಕೋಡಾನಿಗೆ ಯಾವ ಅಮೈನೊ ಆಮ್ಲ ಎಂದು ಬರೆದಿದ್ದ ಚಾರ್ಟಿನ ಮೇಲೆ ಬೆರಳಾಡಿಸಿದಳು. ಕೆಂಪು-ಹಳದಿ-ಕೆಂಪು ಅಂದರೆ ಗ್ಲುಟಾಮಿಕ್ ಆಮ್ಲ. ಕೆಂಪು-ಹಳದಿ-ಹಳದಿ ಅಂದರೂ ಗ್ಲುಟಾಮಿಕ್ ಆಮ್ಲವೇ!

"ಹಾಗಾದ್ರೆ ಏನೂ ಕೆಟ್ಟಿಲ್ಲ!"

"ನಂಗೆ ಮೊದಲೇ ಗೊತ್ತಿತ್ತು," ಎಂದು ಗುಂಡ ಬೀಗಿದ.

ಅಕ್ಕನಿಗೆ ಹುರುಪು ಬಂತು. ನಡುವಿನ ಹಳದಿ ಕಿತ್ತು ಹಸಿರು ಮಣಿ ಒತ್ತಿದಳು. ಚಾರ್ಟಿನಲ್ಲಿ ಈಗ ಬೇರೆ ಹೆಸರು ಸಿಕ್ಕಿತು, ವ್ಯಾಲೀನ್.

"ಇಷ್ಟುದ್ದದ ಪ್ರೋಟೀನಲ್ಲಿ ಒಂದೇ ಒಂದು ಬೇರೆ. ಏನ್ ಮಹಾ ಆಗುತ್ತಮ್ಮ?"

ಅಮ್ಮ ನಗಲಿಲ್ಲ. "ಆ ಜಾಗದಲ್ಲಿ ಹಾಗಾದ್ರೆ ದುಂಡಗಿರೋ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತೆ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಆಗ ಕೈಕಾಲು ಜೀವ ಹೋಗೋ ಹಾಗೆ ನೋಯುತ್ತೆ. ಗುಂಡನಿಗಿರೋದು ಇದೇ ಕಣೇ. ನನ್ನ ಕಡೆಯಿಂದಲೂ ಅಪ್ಪನ ಕಡೆಯಿಂದಲೂ ಅವನಿಗೆ ಈ ತಪ್ಪು ಕೋಡಾನೇ ಬಂದುಬಿಡ್ತು."

ತಮ್ಮನಿಗೆ ರಕ್ತದ ಕಾಯಿಲೆ ಎಂದು ಅಕ್ಕನಿಗೆ ಗೊತ್ತಿತ್ತು. ಆದರೂ ಓಟದ ಮಧ್ಯೆ ಅವನು ಕೂತುಬಿಟ್ಟಾಗಲೆಲ್ಲ, ಸೋಲು ತಪ್ಪಿಸಿಕೊಳ್ಳುವ ಉಪಾಯ ಎಂದುಕೊಂಡಿದ್ದಳು. ಅವಳು ಹಸಿರು ಮಣಿಯನ್ನೇ ನೋಡಿದಳು. ತುಂಬಾ ನಾಚಿಕೆಯಾಯಿತು.

ಮಂಚದ ತುದಿಗೆ ಕೂತು, ಗುಂಡನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ನೀವತೊಡಗಿದಳು.

ಗುಂಡನಿಗೆ ಅನುಮಾನ. "ಯಾಕೇ? ಈಗ ನಾಟಕ ಅನ್ನಲ್ವಾ?"

"ಸುಮ್ನೆ ಮಲಗೋ."

"ಮತ್ತೆ ಮೂಗು?"

"ಕರಡಿಗೇ ಇರಲಿ."

ಮೇಜಿನ ಮೇಲೆ ಹಸಿರು ಮಣಿ ಹಾಗೇ ಇತ್ತು. ರಟ್ಟಿನ ಮೇಲಾದರೆ ಅದನ್ನು ಯಾವಾಗ ಬೇಕಾದರೂ ಕಿತ್ತು ಹಳದಿ ಇಡಬಹುದಿತ್ತು. ಅಕ್ಕ ಗುಂಡನ ಕಾಲು ನೀವುತ್ತ ಅಲ್ಲೇ ಕೂತಳು.